ಹಳೇ ‘ಪಾಪ ಪಾಂಡು’ ನೋಡೋಕೆ ಪ್ಯಾಕ್ ಹಾಕಿಸೋ ಮುಂಚೆ

ತಿಪಟೂರಲ್ಲಿ ನಂದೊಂದು ರೀಚಾರ್ಜ್ ಅಂಗಡಿ ಇದೆ. ಅದಕ್ಕೂ ಮೊದಲು ಕೇಬಲ್ ಎಳೀತಿದ್ದೆ, ತಿಂಗಳ ಮೊದಲ ವಾರ ಮನೆಮನೆಗೆ ಹೋಗಿ ವಸೂಲಿ ಮಾಡ್ತಿದ್ದೆ. ಸಂಜೆ ಹೊತ್ತು ಲೈನ್ ಹೋದ್ರೆ ಫೋನ್ ಮಾಡಿ ಬೈತಿದ್ದ ಗಿರಾಕಿಗಳೇ ಈಗ ಅಂಗಡಿಗೆ ಬಂದು, “ಅಣ್ಣಾ, ಆ ಹಳೇ ಪಾಪ ಪಾಂಡು ಎಲ್ಲಿ ಬರುತ್ತೆ? ಅದು ಬರೋ ಪ್ಯಾಕ್ ಹಾಕ್ಕೊಡಿ” ಅಂತಾರೆ. ಪ್ಯಾಕ್ ಹಾಕೋದೇ ನನ್ನ ಹೊಟ್ಟೆಪಾಡು, ಆದರೂ ಸ್ವಲ್ಪ ತಡೀರಿ ಅಂತೀನಿ.

ಯಾವ ಆ್ಯಪ್ ಅಂತ ಕೇಳೋಕೆ ಮುಂಚೆ ಆ ಧಾರಾವಾಹಿ ಈಗ ಯಾರ ಕೈಲಿದೆ ಅಂತ ಕೇಳಿ. ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’, ರವಿಶಂಕರ್ ಗೌಡ ಡಾಕ್ಟರ್ ವಿಠಲ್ ರಾವ್ ಆಗಿದ್ದ ‘ಸಿಲ್ಲಿ ಲಲ್ಲಿ’ ಎರಡೂ ಬರ್ತಿದ್ದದ್ದು ಈಟಿವಿ ಕನ್ನಡದಲ್ಲಿ. 2015ರಲ್ಲಿ ಆ ಚಾನೆಲ್ ಕಲರ್ಸ್ ಕನ್ನಡ ಆಯ್ತು. ಕಲರ್ಸ್‌ನೋರ ಆ್ಯಪ್ 2016ರಲ್ಲಿ ವೂಟ್, 2023ರಲ್ಲಿ ಅದು ಜಿಯೋ ಸಿನಿಮಾದೊಳಗೆ ಸೇರ್ತು, 2025ರ ಫೆಬ್ರವರಿಯಿಂದ ಜಿಯೋ ಹಾಟ್‌ಸ್ಟಾರ್. ಹಾಗಾಗಿ ಈಟಿವಿ ಕಾಲದ್ದು ಏನೇ ಬೇಕಾದ್ರೂ ಹುಡುಕಬೇಕಾದ ಜಾಗ ಎರಡು: ಕಲರ್ಸ್‌ನೋರ ಯೂಟ್ಯೂಬ್ ಚಾನೆಲ್ಲು, ಮತ್ತೆ ಜಿಯೋ ಹಾಟ್‌ಸ್ಟಾರ್. ಬೇರೆ ಕಂಪನಿ ಆ್ಯಪ್‌ಗೆ ವರ್ಷದ ದುಡ್ಡು ಕಟ್ಟಿ ಅಲ್ಲಿ ಪಾಂಡುನ ಹುಡುಕಿದ್ರೆ ಅವನು ಸಿಗೋದು ಕಷ್ಟ.

ದೂರದರ್ಶನದ ಕಾಲದ್ದಾದ್ರೆ ಲೆಕ್ಕ ಬೇರೆ. ನಮ್ಮ ಮೈಸೂರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ ಹಿಂದಿ ಧಾರಾವಾಹಿ ‘ವಾಗ್ಲೆ ಕೀ ದುನಿಯಾ’ ಬಂದಿದ್ದು 1988ರಲ್ಲಿ. ಅಂಥದ್ದಕ್ಕೆ ದೂರದರ್ಶನ ನಡೆಸೋ ಪ್ರಸಾರ ಭಾರತಿ 2024ರ ನವೆಂಬರಲ್ಲಿ ಬಿಟ್ಟ ವೇವ್ಸ್ ಆ್ಯಪ್ಪನ್ನೂ ಅವರ ಯೂಟ್ಯೂಬ್ ಚಾನೆಲ್ಲುಗಳನ್ನೂ ಮೊದಲು ನೋಡಿ. ಆ್ಯಪ್ ಇಳಿಸ್ಕೊಳ್ಳೋಕೆ ಕಾಸು ಬೇಡ. ಒಳಗೆ ಪ್ಲಾನ್ ತಗೊಳ್ಳಿ ಅಂತ ಬಂದ್ರೆ ಅದನ್ನ ದಾಟಿಸಿ, ಸುಮ್ನೆ ಸಿಗೋದು ಏನೇನಿದೆ ಅಂತ ಮೊದಲು ನೋಡ್ಕೊಳ್ಳಿ.

ಇಲ್ಲೊಂದು ಎಡವಟ್ಟಿದೆ. ಹೆಸರು ಒಂದೇ, ಧಾರಾವಾಹಿ ಎರಡು. 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ‘ಪಾಪ ಪಾಂಡು’ ಹೊಸದಾಗಿ ಬಂತು. 2021ರಲ್ಲಿ ಸೋನಿ ಸಬ್‌ನಲ್ಲಿ ವಾಗ್ಲೆ ಕೂಡ ಹೊಸದಾಗಿ ಬಂತು, ಅದರಲ್ಲೂ ಹಳೇ ವಾಗ್ಲೆಯ ಅಂಜನ್ ಶ್ರೀವಾಸ್ತವ್, ಭಾರತಿ ಆಚರೇಕರ್ ಇದ್ದಾರೆ. ಹುಡುಕಿದ್ರೆ ಹೊಸದೇ ಮೇಲೆ ಬಂದು ಕೂತಿರುತ್ತೆ, ಮುಖ ನೋಡಿ ಅದೇ ಅಂದ್ಕೊಂಡು ದುಡ್ಡು ಕಟ್ಟಿಬಿಡ್ತೀರಿ. ನಾನು ನೋಡೋದು ಚಿತ್ರದ ಆಕಾರ. ಹಳೇದು ಚೌಕವಾಗಿರುತ್ತೆ, ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಬರುತ್ತೆ. ಟೀವಿ ತುಂಬಾ ಅಗಲವಾಗಿ ಬಂತು ಅಂದ್ರೆ ಅದು ಹೊಸದು, ಇಲ್ಲಾ ಯಾರೋ ಪುಣ್ಯಾತ್ಮ ಹಳೇದನ್ನೇ ಎಳೆದು ಹಿಗ್ಗಿಸಿರ್ತಾನೆ. ಹಾಗೆ ಹಿಗ್ಗಿಸಿದ್ರಲ್ಲಿ ಎಲ್ಲರೂ ಗುಂಡುಗುಂಡಗೆ ಕಾಣ್ತಾರೆ.

ಯೂಟ್ಯೂಬಲ್ಲಿ ಹುಡುಕುವಾಗ ಕನ್ನಡದಲ್ಲಿ ಒಂದ್ಸಲ, ಇಂಗ್ಲಿಷ್ ಅಕ್ಷರದಲ್ಲಿ ಒಂದ್ಸಲ ಬರೆದು ನೋಡಿ, ಸಿಗೋದು ಬೇರೆಬೇರೆ. ಸೋಸೋ ಗುಂಡಿ (ಫಿಲ್ಟರ್) ಒತ್ತಿ 20 ನಿಮಿಷಕ್ಕಿಂತ ಉದ್ದದ್ದು ಮಾತ್ರ ತೋರಿಸು ಅಂದ್ರೆ ತುಣುಕುಗಳ ಕಾಟ ತಪ್ಪುತ್ತೆ. ಆಮೇಲೆ ಚಾನೆಲ್ ಪುಟಕ್ಕೇ ಹೋಗಿ ಪ್ಲೇಲಿಸ್ಟ್ ನೋಡಿ, ಎಪಿಸೋಡು ಸಾಲಾಗಿ ಸಿಗೋದು ಅಲ್ಲೇ. ಚಿತ್ರ ಕನ್ನಡೀಲಿ ನೋಡಿದಂಗೆ ಉಲ್ಟಾ ಇದ್ದು, ದನಿ ಇಲಿ ಕೀಚಲು ಥರ ಇದ್ರೆ ಅದು ಕದ್ದು ಹಾಕಿದ್ದು. ಇವತ್ತಿರುತ್ತೆ, ನಾಳೆ ಇರಲ್ಲ. ಟೆಲಿಗ್ರಾಂ ಗುಂಪಲ್ಲಿ ಎಲ್ಲಾ ಎಪಿಸೋಡು ಕೊಡ್ತೀವಿ, ನೂರು ರೂಪಾಯಿ ಹಾಕಿ ಅನ್ನೋರ ಹತ್ತಿರ ಹೋಗಲೇಬೇಡಿ.

ಈಗ ಡೇಟಾ ವಿಷಯ. ಈ ಧಾರಾವಾಹಿಗಳನ್ನ ಚಿತ್ರೀಕರಿಸಿದ್ದೇ ಹಳೇ ಟೀವಿ ಗುಣಮಟ್ಟದಲ್ಲಿ. 4ಕೆ ತೋರಿಸ್ತೀವಿ ಅಂತ ಯಾರು ದುಬಾರಿ ಪ್ಲಾನ್ ಮಾರಿದ್ರೂ ಪಾಂಡು ಮೀಸೆ ಅದಕ್ಕಿಂತ ಸ್ಪಷ್ಟ ಆಗಲ್ಲ. ಚಿತ್ರದ ಗುಣಮಟ್ಟ 480ಪಿ ಇಟ್ಟರೆ ಸಾಕು, ಗಂಟೆಗೆ ಹೆಚ್ಚೂಕಮ್ಮಿ ಅರ್ಧ ಜಿಬಿ ಹೋಗುತ್ತೆ. ದಿನಕ್ಕೆ ಒಂದೂವರೆ ಜಿಬಿ ಸಿಗೋ ಪ್ಯಾಕ್ ಇದ್ರೆ ಆರಾಮಾಗಿ ಎರಡು ಮೂರು ಎಪಿಸೋಡು ನೋಡಬಹುದು. ಉಳಿದ ಡೇಟಾ ರಾತ್ರಿ ಹನ್ನೆರಡಕ್ಕೆ ಹೋಗೇ ಹೋಗುತ್ತಲ್ಲ, ಮಲಗೋ ಮುಂಚೆ ಯೂಟ್ಯೂಬಲ್ಲೇ ಡೌನ್‌ಲೋಡ್ ಒತ್ತಿ ನಾಳೆಗೆ ಎರಡು ಇಳಿಸಿಟ್ಕೊಳ್ಳಿ. ಫೈಬರ್ ಇರೋ ಮನೇಲಿ ಈ ತಲೆನೋವಿಲ್ಲ.

ಟೀವೀಲೇ ನೋಡಬೇಕು ಅನ್ನೋ ಅಮ್ಮಂದಿರಿಗೆ ಸ್ಮಾರ್ಟ್ ಟೀವಿ ಕೊಡಿಸಬೇಕಾಗಿಲ್ಲ. ಟೀವಿ ಹಿಂದೆ ಎಚ್‌ಡಿಎಂಐ ತೂತು ಇದ್ಯಾ ನೋಡಿ. ಮಗನ ಹಳೇ ಲ್ಯಾಪ್‌ಟಾಪ್ ಮೂಲೇಲಿ ಬಿದ್ದಿದ್ರೆ ಒಂದು ಕೇಬಲ್ ತಂದು ಚುಚ್ಚಿ, ಕೆಲಸ ಮುಗೀತು.

ಇಷ್ಟೆಲ್ಲಾ ಆದ್ಮೇಲೂ ಯೂಟ್ಯೂಬಲ್ಲಿ ಸಿಗದ ಎಪಿಸೋಡಿದ್ರೆ ಆಗ ಪ್ಯಾಕ್ ಮಾತು. ಮೊದಲು ಆ್ಯಪ್ ತೆರೆದು ಹೆಸರು ಹಾಕಿ. ದುಡ್ಡು ಕಟ್ಟದೇನೇ ಧಾರಾವಾಹಿ ಇದ್ಯೋ ಇಲ್ವೋ, ಎಷ್ಟು ಎಪಿಸೋಡಿದೆ ಅನ್ನೋದು ಕಾಣುತ್ತೆ. ಇಲ್ಲ ಅಂದ್ರೆ ಅಲ್ಲಿಗೇ ಬಿಡಿ. ಇದ್ರೆ, ನಿಮ್ಮ ಮೊಬೈಲ್ ಪ್ಯಾಕಲ್ಲಿ ಇಲ್ಲಾ ಫೈಬರ್ ಬಿಲ್ಲಲ್ಲಿ ಅದು ಆಗಲೇ ಸೇರಿದ್ಯಾ ಅಂತ ನೋಡ್ಕೊಳ್ಳಿ. ಸೇರಿರುತ್ತೆ, ಗೊತ್ತಿಲ್ಲದೆ ಇನ್ನೊಂದ್ಸಲ ಕಟ್ಟೋಕೆ ನನ್ನತ್ರ ಬರೋರಿದ್ದಾರೆ. ಜಿಯೋ ಹಾಟ್‌ಸ್ಟಾರ್ ಶುರುವಾದಾಗ ಮೊಬೈಲ್ ಪ್ಲಾನ್ 3 ತಿಂಗಳಿಗೆ 149 ರೂಪಾಯಿ, ಎರಡು ಪರದೆಯ ಸೂಪರ್ ಪ್ಲಾನ್ 299 ಇತ್ತು. ದರ ಬದಲಾಗ್ತಾ ಇರುತ್ತೆ, ಕಟ್ಟೋ ದಿನ ಆ್ಯಪಲ್ಲೇ ನೋಡಿ. ಮೊಬೈಲ್ ಪ್ಲಾನ್ ಹೆಸರೇ ಹೇಳೋ ಹಾಗೆ ಮೊಬೈಲಿಗೆ ಮಾತ್ರ, ಟೀವಿಗೆ ಬರಲ್ಲ. ಅಗ್ಗ ಅಂತ ಅದನ್ನ ತಗೊಂಡು ಟೀವೀಲಿ ಬರ್ತಿಲ್ಲ ಅಂತ ನನ್ನ ಮೇಲೆ ರೇಗಬೇಡಿ. ವರ್ಷದ್ದು ಬೇಡ, ಚಿಕ್ಕ ಅವಧೀದು ತಗೊಂಡು ರಜೇಲಿ ಕೂತು ನೋಡಿ ಮುಗಿಸಿ.

ಯುಪಿಐನಲ್ಲಿ ಕಟ್ಟಿದ್ರೆ ಆಟೋಪೇ ಕೂತಿರಬಹುದು, ಅಂದ್ರೆ ಅವಧಿ ಮುಗಿದಾಗ ದುಡ್ಡು ತಾನಾಗೇ ಹೋಗುತ್ತೆ. ಫೋನ್‌ಪೇ, ಗೂಗಲ್ ಪೇ ಯಾವುದರಲ್ಲಾದ್ರೂ ನಿಮ್ಮ ಪ್ರೊಫೈಲ್ ಒಳಗೆ ಆಟೋಪೇ ಅಂತಿದೆ, ಅಲ್ಲಿ ಹೋಗಿ ಅವತ್ತೇ ರದ್ದು ಮಾಡಿ. ಪ್ಯಾಕ್ ವ್ಯಾಲಿಡಿಟಿ ಇರೋವರೆಗೂ ನೋಡ್ತಾನೇ ಇರಬಹುದು.