ಇಕೋ ಲಾಡ್ಜ್ ನಡೆಸುವುದು ಹೇಗೆ: ಅಡಿಪಾಯಕ್ಕೆ ಮೊದಲು ಕರಾರು

ಇಕೋ ಲಾಡ್ಜ್, ಅಂದರೆ ಪರಿಸರಕ್ಕೂ ಸುತ್ತಲಿನ ಊರಿಗೂ ಹೊರೆಯಾಗದಂತೆ ನಡೆಸುವ ಅತಿಥಿಗೃಹ, ಆರಂಭಿಸಬೇಕೆಂದು ಸಲಹೆ ಕೇಳುವವರು ಸಾಮಾನ್ಯವಾಗಿ ಕಟ್ಟಡದ ನಕ್ಷೆ, ಸೌರಫಲಕದ ದರಪಟ್ಟಿ ಮತ್ತು ಸಾಲದ ಅರ್ಜಿಯನ್ನು ಸಿದ್ಧಪಡಿಸಿಕೊಂಡೇ ಬರುತ್ತಾರೆ. ಅಕ್ಕಪಕ್ಕದ ಊರಿನವರೊಂದಿಗೆ ಏನು ಮಾತಾಗಿದೆ ಎಂದು ಕೇಳಿದರೆ, ‘ಅವರಿಗೆಲ್ಲ ಕೆಲಸ ಕೊಡುತ್ತೇವೆ’ ಎಂಬ ಉತ್ತರ ಬರುತ್ತದೆ. ನಾನು ಹತ್ತಿರದಿಂದ ಕಂಡು, ಸೋತದ್ದನ್ನೂ ಕಂಡ ಲಾಡ್ಜ್‌ಗಳಲ್ಲಿ ಹೆಚ್ಚಿನವು ಈ ಒಂದು ಉತ್ತರವನ್ನೇ ನಂಬಿಕೊಂಡಿದ್ದವು. ಸೌರಫಲಕ ಕೆಟ್ಟರೆ ಬದಲಿಸಬಹುದು, ಕೊಳಚೆ ತೊಟ್ಟಿ ಸೋರಿದರೆ ಅಗೆದು ಸರಿಪಡಿಸಬಹುದು. ಊರಿನವರು ಒಮ್ಮೆ ಮುಖ ತಿರುಗಿಸಿದರೆ ಮಾತ್ರ ಹಣ ಸುರಿದು ಅದನ್ನು ಸರಿಪಡಿಸಲಾಗುವುದಿಲ್ಲ. ಆದ್ದರಿಂದ ಈ ಲೇಖನದ ದೊಡ್ಡ ಪಾಲು ಎರಡನೆಯ ಹಂತಕ್ಕೇ ಮೀಸಲಾಗಿದೆ.

ಹಂತ 1: ಜಾಗ ಮತ್ತು ಕೋಣೆಗಳ ಸಂಖ್ಯೆ

ಜಮೀನಿನ ಕಾಗದಪತ್ರ ಶುದ್ಧವಾಗಿದ್ದರೆ ಸಾಲದು. ಆ ಜಾಗದ ಮೂಲಕ ನೀರಿಗೆ ಹೋಗುವವರು, ದನ ಹೊಡೆದುಕೊಂಡು ಹೋಗುವವರು, ಸೌದೆ ಆರಿಸುವವರು ಯಾರೆಂದು ಬೇಸಿಗೆ ಮತ್ತು ಮಳೆಗಾಲ ಎರಡರಲ್ಲೂ ಖುದ್ದಾಗಿ ನಡೆದು ನೋಡಿ. ಕಾಗದದಲ್ಲಿಲ್ಲದ ಕಾಲುದಾರಿಯೇ ಮುಂದೆ ಜಗಳಕ್ಕೆ ಕಾರಣವಾಗುತ್ತದೆ.

ಕೋಣೆಗಳ ಸಂಖ್ಯೆಯನ್ನು ಸಾಲದ ಕಂತು ನೋಡಿ ನಿರ್ಧರಿಸಬೇಡಿ, ಅತ್ಯಂತ ಒಣ ತಿಂಗಳುಗಳ ನೀರನ್ನು ನೋಡಿ ನಿರ್ಧರಿಸಿ. ಒಂದು ಚದರ ಮೀಟರ್ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 300 ಚದರ ಮೀಟರ್ ಚಾವಣಿ, ವರ್ಷಕ್ಕೆ 1,000 ಮಿಲಿಮೀಟರ್ ಮಳೆ, ಅದರಲ್ಲಿ ನೂರಕ್ಕೆ 80 ಪಾಲು ತೊಟ್ಟಿ ಸೇರುತ್ತದೆಂದರೆ 2,40,000 ಲೀಟರ್. ಹತ್ತು ಕೋಣೆಗಳಲ್ಲಿ ಇಪ್ಪತ್ತು ಅತಿಥಿಗಳು, ತಲಾ ದಿನಕ್ಕೆ 150 ಲೀಟರ್ ಬಳಸಿದರೆ 90 ಒಣ ದಿನಗಳಿಗೆ 2,70,000 ಲೀಟರ್ ಬೇಕು. ಸಿಬ್ಬಂದಿ ಮತ್ತು ಬಟ್ಟೆ ಒಗೆಯುವ ಲೆಕ್ಕ ಇನ್ನೂ ಸೇರಿಲ್ಲ. ಅಷ್ಟು ನೀರನ್ನು ಹಿಡಿದಿಡಲು ಎಷ್ಟು ದೊಡ್ಡ ತೊಟ್ಟಿ ಬೇಕೆಂಬುದು ಮತ್ತೊಂದು ಪ್ರಶ್ನೆ. ಈ ಲೆಕ್ಕ ಮಾಡಿದವರು ತಾವಾಗಿಯೇ ಏಳೆಂಟು ಕೋಣೆಗಳಿಗೆ ಇಳಿಯುತ್ತಾರೆ. ಜಾಂಜಿಬಾರ್ ಬಳಿಯ ಚುಂಬೆ ದ್ವೀಪದ ಲಾಡ್ಜ್ ಚಾವಣಿಗಳ ಮಳೆನೀರನ್ನೇ ನಂಬಿ, ಕಾಂಪೋಸ್ಟ್ ಶೌಚಾಲಯಗಳೊಂದಿಗೆ ನಡೆಯುತ್ತಿದ್ದು, ಅಲ್ಲಿರುವುದು ಏಳು ಬಂಗಲೆಗಳು ಮಾತ್ರ.

ಹಂತ 2: ಊರಿನೊಂದಿಗೆ ಕರಾರು

ಎಡವುವವರು ಎಡವುವುದು ಇಲ್ಲಿ. ಮೊದಲು ಕಟ್ಟಿ, ಆಮೇಲೆ ಊರಿನವರನ್ನು ಉದ್ಘಾಟನೆಗೆ ಕರೆದು, ಅದನ್ನೇ ಸಹಭಾಗಿತ್ವವೆಂದು ಕೈಪಿಡಿಯಲ್ಲಿ ಅಚ್ಚು ಹಾಕಿಸುವವರಿದ್ದಾರೆ. ಇನ್ನು ಕೆಲವರು ಮುಖಂಡರೊಬ್ಬರ ಮನೆಗೆ ಹೋಗಿ ಮಾತು ಮುಗಿಸಿ, ಊರೇ ಒಪ್ಪಿತೆಂದು ತಿಳಿಯುತ್ತಾರೆ. ಈ ಎರಡೂ ಅಡ್ಡದಾರಿಗಳು ಆರಂಭದ ಆರು ತಿಂಗಳನ್ನು ಉಳಿಸಿ, ಮುಂದಿನ ಹತ್ತು ವರ್ಷಗಳನ್ನು ಕೆಡಿಸುತ್ತವೆ.

‘ಊರು’ ಎಂದರೆ ಯಾರು ಎಂಬುದನ್ನು ಮೊದಲು ಬರೆದುಕೊಳ್ಳಿ. ಜಮೀನುಳ್ಳವರು ಮತ್ತು ಇಲ್ಲದವರು, ದನ ಕಾಯುವವರು, ಮೀನು ಹಿಡಿಯುವವರು, ಕಾಡಿನ ಉತ್ಪನ್ನ ಸಂಗ್ರಹಿಸುವವರು, ದುಡಿಮೆಗೆ ಹೊರಗೆ ಹೋಗಿ ಬರುವ ಯುವಕರು, ಇವರೆಲ್ಲರ ಲಾಭನಷ್ಟಗಳು ಬೇರೆಬೇರೆ. ಮಹಿಳೆಯರ ಸಭೆಯನ್ನು ಪ್ರತ್ಯೇಕವಾಗಿಯೇ ಕರೆಯಿರಿ. ದೊಡ್ಡ ಸಭೆಯಲ್ಲಿ ಹಿಂದೆ ಕುಳಿತು ಸುಮ್ಮನಿರುವವರು ಅಲ್ಲಿ ನೀರಿನ ಬಗ್ಗೆ, ಸೌದೆಯ ಬಗ್ಗೆ, ರಾತ್ರಿ ಹೊತ್ತು ಅಪರಿಚಿತರು ಓಡಾಡುವ ಬಗ್ಗೆ ಸ್ಪಷ್ಟವಾಗಿ ಮಾತನಾಡುತ್ತಾರೆ. ಸಭೆಯ ಹೊತ್ತು ಅವರ ಕೆಲಸ ಮುಗಿಯುವ ಹೊತ್ತಾಗಿರಬೇಕೇ ಹೊರತು ನಿಮ್ಮ ವಾಹನ ಹೊರಡುವ ಹೊತ್ತಲ್ಲ.

ಮೊದಲ ಸಭೆಯಲ್ಲಿ ಒಳ್ಳೆಯ ಸುದ್ದಿಗಿಂತ ಕೆಟ್ಟ ಸುದ್ದಿಯನ್ನೇ ಹೇಳಿ: ಮೊದಲ ಎರಡು ಮೂರು ವರ್ಷ ಲಾಭ ಬರದಿರಬಹುದು, ಅತಿಥಿಗಳು ಋತುವಿಗೆ ತಕ್ಕಂತೆ ಬರುತ್ತಾರೆ, ರೋಗವೋ ಪ್ರವಾಹವೋ ಬಂದರೆ ಒಂದು ಇಡೀ ವರ್ಷ ಯಾರೂ ಬಾರದೆ ಹೋಗಬಹುದು. ಬೇಡವೆನ್ನುವ ಹಕ್ಕು ಊರಿಗೆ ನಿಜವಾಗಿಯೂ ಇರಬೇಕು. ವಿಶ್ವಸಂಸ್ಥೆಯು 2007ರಲ್ಲಿ ಅಂಗೀಕರಿಸಿದ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯು ಒತ್ತಾಯವಿಲ್ಲದ, ಮುಂಚಿತವಾಗಿ ಪಡೆದ, ಪೂರ್ಣ ಮಾಹಿತಿ ತಿಳಿದು ಕೊಟ್ಟ ಸಮ್ಮತಿಯ ಬಗ್ಗೆ ಹೇಳುತ್ತದೆ. ಊರಿನಲ್ಲಿ ಮೂಲನಿವಾಸಿಗಳು ಇರಲಿ ಬಿಡಲಿ, ಈ ಮೂರು ಗುಣಗಳಿಲ್ಲದ ಒಪ್ಪಿಗೆಯನ್ನು ಒಪ್ಪಿಗೆಯೆಂದು ಲೆಕ್ಕಕ್ಕೆ ಹಿಡಿಯಬೇಡಿ.

ನಂತರ ಹಣದ ಮಾತು. ‘ಲಾಭದಲ್ಲಿ ಇಷ್ಟು ಪಾಲು’ ಎಂದಷ್ಟೇ ಬರೆದ ಕರಾರಿಗೆ ನಾನು ಒಪ್ಪುವುದಿಲ್ಲ. ಲಾಭವೆಂಬುದು ಖರ್ಚನ್ನೆಲ್ಲ ಕಳೆದ ಮೇಲೆ ಉಳಿಯುವ ಅಂಕಿ. ಸಾಲದ ಬಡ್ಡಿ, ಮಾಲೀಕರ ಪ್ರಯಾಣ, ಪ್ರಚಾರದ ವೆಚ್ಚ ಎಲ್ಲವನ್ನೂ ಆ ಖರ್ಚಿಗೆ ಸೇರಿಸಿ, ಕೋಣೆಗಳು ತುಂಬಿದ್ದ ವರ್ಷವನ್ನೂ ನಷ್ಟವೆಂದು ತೋರಿಸಬಹುದು. ಅದರ ಬದಲು ಒಬ್ಬ ಅತಿಥಿಯ ಒಂದು ರಾತ್ರಿಗೆ ಇಂತಿಷ್ಟು ಎಂಬ ನಿಗದಿತ ಮೊತ್ತ ಊರಿನ ನಿಧಿಗೆ ಹೋಗಲಿ, ಅದರ ಮೇಲೆ ಲಾಭದ ಪಾಲೂ ಇರಲಿ. ಎಷ್ಟು ಅತಿಥಿಗಳು ಉಳಿದಿದ್ದರೆಂಬುದು ಹಾಸಿಗೆಯ ಹೊದಿಕೆ ಒಗೆಯುವವರಿಗೂ ಗೊತ್ತಿರುತ್ತದೆ, ಅಡುಗೆ ಮಾಡುವವರಿಗೂ ಗೊತ್ತಿರುತ್ತದೆ. ಲೆಕ್ಕ ಸುಳ್ಳಾದರೆ ಊರಿಗೆ ಅದೇ ವಾರ ತಿಳಿಯುತ್ತದೆ.

ಲಾಭದ ಹಂಚಿಕೆ ಚೆನ್ನಾಗಿ ನಡೆದ ಉದಾಹರಣೆಗಳೂ ಇವೆ. ಪೆರು ದೇಶದ ಇನ್ಫಿಯೆರ್ನೊ ಎಂಬ ಊರಿನ ಎಸೆ ಎಹಾ ಸಮುದಾಯ ಮತ್ತು ರೈನ್‌ಫಾರೆಸ್ಟ್ ಎಕ್ಸ್‌ಪೆಡಿಷನ್ಸ್ ಎಂಬ ಕಂಪನಿ 1996ರಲ್ಲಿ ಪೊಸಾದಾ ಅಮೆಜೋನಾಸ್ ಲಾಡ್ಜ್‌ಗಾಗಿ 20 ವರ್ಷಗಳ ಒಪ್ಪಂದ ಮಾಡಿಕೊಂಡವು. ಲಾಭದಲ್ಲಿ ನೂರಕ್ಕೆ 60 ಸಮುದಾಯಕ್ಕೆ, 40 ಕಂಪನಿಗೆ. ಅನೇಕರು ಈ ಅಂಕಿಯನ್ನು ಮಾತ್ರ ನಕಲು ಮಾಡಿ, ಅದೇ ಒಪ್ಪಂದದಲ್ಲಿದ್ದ ಇನ್ನೊಂದು ಮಾತನ್ನು ಬಿಟ್ಟುಬಿಡುತ್ತಾರೆ: ತೀರ್ಮಾನಗಳಲ್ಲಿ ಎರಡೂ ಕಡೆಗೆ ಸಮಪಾಲಿತ್ತು, ಸಮುದಾಯವೇ ಆರಿಸಿದ ಸಮಿತಿ ಆಡಳಿತದಲ್ಲಿ ಕುಳಿತಿತ್ತು. ಲೆಕ್ಕಪುಸ್ತಕ ತೆರೆದು ನೋಡುವ ಅಧಿಕಾರವಿಲ್ಲದಿದ್ದರೆ 60ರ ಪಾಲು ಕೇವಲ ಕಾಗದದ ಮೇಲೆ ಉಳಿಯುತ್ತದೆ.

ನಿಧಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ. ಮೂವರ ಸಹಿ ಬೇಕಾಗಲಿ, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಲಿ. ಮೂರು ತಿಂಗಳಿಗೊಮ್ಮೆ ಜಮೆ ಖರ್ಚಿನ ಪಟ್ಟಿಯನ್ನು ಎಲ್ಲರೂ ಓಡಾಡುವ ಜಾಗದ ಫಲಕಕ್ಕೆ ಅಂಟಿಸಬೇಕು. ಆ ಹಣ ಯಾವುದಕ್ಕೆ ಖರ್ಚಾಗಬೇಕೆಂದು ಲಾಡ್ಜ್ ಮಾಲೀಕರು ನಿರ್ಧರಿಸಬಾರದು. ಮಾಲೀಕರೊಬ್ಬರು ಪ್ರೀತಿಯಿಂದಲೇ ಶಾಲೆಗೊಂದು ಕೋಣೆ ಕಟ್ಟಿಸಿ ಲಾಡ್ಜ್‌ನ ಹೆಸರು ಬರೆಸಿದ್ದನ್ನು ನೋಡಿದ್ದೇನೆ. ಚಾವಣಿ ಸೋರಿದಾಗ ಊರಿನವರು ಲಾಡ್ಜ್‌ನವರ ಕಡೆ ನೋಡಿದರು, ಲಾಡ್ಜ್‌ನವರು ಶಾಲೆಯ ಕಡೆ ನೋಡಿದರು, ಮಕ್ಕಳು ಮರದ ಕೆಳಗೆ ಕುಳಿತರು. ಅತಿಥಿಗಳು ಮಕ್ಕಳಿಗೆ ನೇರವಾಗಿ ಪೆನ್ನು, ಮಿಠಾಯಿ, ಹಣ ಹಂಚುವುದನ್ನೂ ನಿಲ್ಲಿಸಿ. ಕೊಡಲೇಬೇಕೆನಿಸಿದವರು ನಿಧಿಗೆ ಕೊಟ್ಟು ರಸೀದಿ ಪಡೆಯಲಿ.

ಕೆಲಸದ ವಿಷಯದಲ್ಲಿ ‘ಇಷ್ಟು ಜನರಿಗೆ’ ಎಂದು ಬರೆಯದೆ ‘ಯಾವ ಹುದ್ದೆ, ಯಾವ ವರ್ಷದೊಳಗೆ’ ಎಂದು ಬರೆಯಿರಿ. ಕಸ ಗುಡಿಸುವುದು, ತೋಟ ನೋಡುವುದು ಊರಿನವರಿಗೆ, ವ್ಯವಸ್ಥಾಪಕರು ಮತ್ತು ಲೆಕ್ಕಿಗರು ಮಾತ್ರ ಹೊರಗಿನಿಂದ ಎಂಬ ಏರ್ಪಾಡು ಹತ್ತು ವರ್ಷ ಕಳೆದರೂ ಹಾಗೆಯೇ ಉಳಿದುಬಿಡುತ್ತದೆ. ಮೂರನೆಯ ವರ್ಷಕ್ಕೆ ಮುಂಗಡ ಕಾಯ್ದಿರಿಸುವಿಕೆ ಮತ್ತು ಸ್ವಾಗತದ ಮೇಜು, ಐದನೆಯ ವರ್ಷಕ್ಕೆ ಲೆಕ್ಕಪತ್ರ, ಏಳನೆಯ ವರ್ಷಕ್ಕೆ ವ್ಯವಸ್ಥಾಪಕರ ಹುದ್ದೆ ಊರಿನವರ ಕೈಗೆ ಬರಬೇಕೆಂದೂ, ಅದಕ್ಕೆ ಬೇಕಾದ ತರಬೇತಿಯ ವೆಚ್ಚ ಲಾಡ್ಜ್‌ನದೆಂದೂ ನಮೂದಿಸಿ. ಚುಂಬೆಯಲ್ಲಿ ಹಿಂದೆ ಮೀನು ಹಿಡಿಯುತ್ತಿದ್ದವರೇ ತರಬೇತಿ ಪಡೆದು ಹವಳದ ದಿಬ್ಬವನ್ನು ಕಾಯುವ ರಕ್ಷಕರಾದರು. ಬೊಲಿವಿಯಾದ ಚಲಲಾನ್ ಲಾಡ್ಜ್‌ನ ಪೂರ್ಣ ಒಡೆತನ 2001ರಲ್ಲಿ ಸಾನ್ ಹೊಸೆ ಊರಿನವರಿಗೆ ಬಂತು. ಈಕ್ವೆಡಾರ್‌ನ ಕಪಾವಿ ಲಾಡ್ಜ್ ಕೂಡ ಕಂಪನಿಯ ಕೈಯಿಂದ ಅಲ್ಲಿನ ಮೂಲನಿವಾಸಿಗಳಾದ ಅಚುವಾರ್ ಜನರ ಕೈಗೆ ಹಸ್ತಾಂತರವಾಯಿತು. ಹಸ್ತಾಂತರದ ಉದ್ದೇಶ ನಿಮಗಿಲ್ಲದಿದ್ದರೆ ಆ ಆಸೆಯನ್ನು ಹುಟ್ಟಿಸದೆ, ಇಲ್ಲವೆಂದೇ ಕರಾರಿನಲ್ಲಿ ಬರೆಯಿರಿ.

ಧಾನ್ಯ, ತರಕಾರಿ, ಹಾಲು, ಕರಕುಶಲ ವಸ್ತುಗಳನ್ನು ಸುತ್ತಲಿನವರಿಂದಲೇ ಕೊಳ್ಳುವುದಾದರೆ ಏಳು ದಿನಗಳೊಳಗೆ ಹಣ ಸಂದಾಯವಾಗಬೇಕು. ಬೆಳೆಗಾರರಿಂದ ತಿಂಗಳುಗಟ್ಟಲೆ ಸಾಲವಾಗಿ ಸರಕು ಪಡೆದು, ಅದನ್ನೇ ‘ಸ್ಥಳೀಯ ಬೆಂಬಲ’ ಎಂದು ಕರೆಯುವುದು ಅನ್ಯಾಯ. ಮುಂದಿನ ತಿಂಗಳು ಎಷ್ಟು ಬೇಕಾಗಬಹುದೆಂದು ಮೊದಲೇ ತಿಳಿಸಿ, ಊರಿನವರಿಗೇ ಸಾಲದಷ್ಟು ಕೊಳ್ಳಬೇಡಿ.

ಕೊನೆಯದಾಗಿ ಮೂರು ಷರತ್ತುಗಳನ್ನು ಯಾವ ಕಾರಣಕ್ಕೂ ಬಿಡಬೇಡಿ. ಬರಗಾಲದಲ್ಲಿ ನೀರು ಮೊದಲು ಊರಿಗೆ, ಆಮೇಲೆ ಲಾಡ್ಜ್‌ಗೆ. ಊರಿನ ಬಾವಿಯ ಮಟ್ಟ ಇಂತಿಷ್ಟು ಇಳಿದರೆ ಕೋಣೆಗಳನ್ನು ಮುಚ್ಚಬೇಕೆಂದು ಅಳತೆಯ ಸಮೇತ ಬರೆಯಿರಿ. ಜಗಳವಾದರೆ ಎರಡೂ ಕಡೆಯವರು ಒಪ್ಪುವ ಮಧ್ಯಸ್ಥರು ಯಾರೆಂದು ಈಗಲೇ, ಜಗಳವಿಲ್ಲದ ಕಾಲದಲ್ಲೇ, ನಿಶ್ಚಯಿಸಿ. ಲಾಡ್ಜ್ ಮುಚ್ಚಿದರೆ ಅಥವಾ ಮಾರಾಟವಾದರೆ ಕಟ್ಟಡ, ಸಾಲ ಮತ್ತು ನಿಧಿ ಯಾರ ಪಾಲಿಗೆ ಎಂಬುದೂ ಕಾಗದದಲ್ಲಿರಲಿ. ಕರಡನ್ನು ಊರಿನ ಆಡುಮಾತಿನಲ್ಲಿ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಒಂದು ತಿಂಗಳು ಬಿಟ್ಟು ಸಹಿ ಮಾಡಿಸಿ. ಆ ತಿಂಗಳಲ್ಲಿ ಬರುವ ಆಕ್ಷೇಪಗಳಲ್ಲಿ ಹೆಚ್ಚಿನವು ನ್ಯಾಯವಾದವೇ ಆಗಿರುತ್ತವೆ.

ಹಂತ 3: ಕಟ್ಟಡ

ಗಾಳಿ ಆಡುವಂತೆ, ನೆರಳು ಬೀಳುವಂತೆ, ಇದ್ದ ಮರಗಳನ್ನು ಉಳಿಸಿಕೊಂಡು ಕಟ್ಟಿ. ಸ್ಥಳೀಯ ಮರ ಮತ್ತು ಹುಲ್ಲು ತಾವಾಗಿಯೇ ಪರಿಸರಸ್ನೇಹಿ ಎಂದುಕೊಳ್ಳಬೇಡಿ; ಅವು ಎಲ್ಲಿಂದ ಬರುತ್ತವೆ, ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು ಎಂಬುದನ್ನು ಕೇಳಿ ತಿಳಿಯಿರಿ.

ಹಂತ 4: ವಿದ್ಯುತ್

ಫಲಕಗಳನ್ನು ಹೆಚ್ಚಿಸುವ ಮೊದಲು ಹೊರೆಯನ್ನು ಇಳಿಸಿ. ಕೋಣೆಗೆ ನಾಲ್ಕರಂತೆ ಹತ್ತು ಕೋಣೆಗಳಲ್ಲಿ 9 ವ್ಯಾಟ್‌ನ ಎಲ್‌ಇಡಿ ದೀಪಗಳೆಲ್ಲ ಉರಿದರೂ 360 ವ್ಯಾಟ್. ಅದೇ ಹತ್ತು ಕೋಣೆಗಳ 2,000 ವ್ಯಾಟ್‌ನ ಗೀಸರುಗಳು ಬೆಳಿಗ್ಗೆ ಒಟ್ಟಿಗೆ ಓಡಿದರೆ 20,000 ವ್ಯಾಟ್. ಬಿಸಿನೀರಿಗೆ ಸೌರ ಜಲತಾಪಕವನ್ನೇ ಹಾಕಿಸಿ, ಗೀಸರನ್ನು ಒಳಗೆ ಬಿಡಬೇಡಿ. ಸೀಸ ಆಮ್ಲದ ಬ್ಯಾಟರಿಗಳನ್ನು ಪದೇ ಪದೇ ಅರ್ಧಕ್ಕಿಂತ ಕೆಳಗೆ ಬರಿದು ಮಾಡಿದರೆ ಬೇಗ ಸಾಯುತ್ತವೆ. ಸಾಧ್ಯವಿದ್ದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೇ ಹಣ ಹಾಕಿ.

ಹಂತ 5: ಕೊಳಚೆ ಮತ್ತು ಕಸ

ಶೌಚದ ನೀರನ್ನೂ ಬಚ್ಚಲು ನೀರನ್ನೂ ಆರಂಭದಿಂದಲೇ ಬೇರೆ ಬೇರೆ ಕೊಳವೆಗಳಲ್ಲಿ ಒಯ್ಯಿರಿ; ಗೋಡೆ ಎದ್ದ ಮೇಲೆ ಬೇರ್ಪಡಿಸುವುದು ಬಹಳ ಕಷ್ಟ. ಸೆಪ್ಟಿಕ್ ಟ್ಯಾಂಕ್‌ನ ಇಂಗುಗುಂಡಿ ಯಾವುದೇ ಬಾವಿಯಿಂದ ಕನಿಷ್ಠ 30 ಮೀಟರ್ ದೂರವಿರಲಿ, ಅದರ ತಳ ಅಂತರ್ಜಲದ ಮಟ್ಟಕ್ಕಿಂತ ಕನಿಷ್ಠ ಒಂದೂವರೆ ಮೀಟರ್ ಮೇಲಿರಲಿ. ಮರಳು ನೆಲದಲ್ಲಿ ಅಥವಾ ಬಿರುಕು ಬಂಡೆಯಲ್ಲಿ ಇನ್ನೂ ಹೆಚ್ಚು ಅಂತರ ಬೇಕು. ಬಚ್ಚಲು ನೀರು ಮೊದಲು ಜಿಡ್ಡು ತಡೆಯುವ ಸಣ್ಣ ತೊಟ್ಟಿಯ ಮೂಲಕ, ನಂತರ ಜಲ್ಲಿ ತುಂಬಿ ಜೊಂಡು ಬೆಳೆಸಿದ ಪಾತಿಯ ಮೂಲಕ ಹಾದು ತೋಟ ಸೇರಲಿ. ಜಿಡ್ಡಿನ ತೊಟ್ಟಿಯನ್ನು ವಾರಕ್ಕೊಮ್ಮೆ ಖಾಲಿ ಮಾಡದಿದ್ದರೆ ಜಲ್ಲಿ ಕಟ್ಟಿಕೊಂಡು ಇಡೀ ಪಾತಿ ನಾರುತ್ತದೆ. ಟ್ಯಾಂಕ್‌ಗೆ ಸುರಿಯುವ ‘ಸೂಕ್ಷ್ಮಾಣು ಪುಡಿ’ಗಳಿಗೆ ಹಣ ವ್ಯರ್ಥ ಮಾಡಬೇಡಿ, ಬೇಕಾದ ಸೂಕ್ಷ್ಮಾಣುಗಳು ಮಲದಲ್ಲೇ ಇರುತ್ತವೆ. ಅವುಗಳನ್ನು ಕೊಲ್ಲುವ ಬ್ಲೀಚಿಂಗ್ ಪುಡಿ ಮತ್ತು ತೀಕ್ಷ್ಣ ಫಿನೈಲನ್ನು ಶೌಚಾಲಯಕ್ಕೆ ಧಾರಾಳವಾಗಿ ಸುರಿಯುವುದನ್ನು ನಿಲ್ಲಿಸಿದರೆ ಸಾಕು.

‘ಕೊಳೆಯುವ ಪ್ಲಾಸ್ಟಿಕ್’ ಎಂದು ಮಾರುವ ಪಿಎಲ್‌ಎ ಲೋಟಗಳನ್ನು ಕೊಳ್ಳಲೇಬೇಡಿ. ಅವು ಕೊಳೆಯಲು ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖವಿರುವ ಕೈಗಾರಿಕಾ ಗೊಬ್ಬರ ಘಟಕ ಬೇಕು. ನಿಮ್ಮ ಹಿತ್ತಲಿನ ಗುಂಡಿಯಲ್ಲಿ ಅವು ವರ್ಷಗಟ್ಟಲೆ ಹಾಗೆಯೇ ಇರುತ್ತವೆ. ತೊಳೆದು ಬಳಸುವ ಸ್ಟೀಲ್ ಲೋಟಕ್ಕೆ ಸಮನಾದದ್ದು ಇಲ್ಲ.

ಹಂತ 6: ಅತಿಥಿಗಳು

ನಿಯಮಗಳನ್ನು ಕೋಣೆಯ ಗೋಡೆಗಲ್ಲ, ಹಣ ಪಾವತಿಸುವ ಮೊದಲೇ ಅವರ ಕೈಗೆ ತಲುಪಿಸಿ: ರಾತ್ರಿ ಹೊರಗೆ ಮಂದವಾದ, ಕೆಳಮುಖವಾದ ದೀಪ ಮಾತ್ರ, ಜೋರು ಸಂಗೀತವಿಲ್ಲ, ಕೇಳದೆ ಯಾರ ಚಿತ್ರವನ್ನೂ ತೆಗೆಯುವಂತಿಲ್ಲ. ಟವೆಲನ್ನು ಮತ್ತೆ ಬಳಸಿರೆಂಬ ಚೀಟಿ ಇಡುವುದು ಸರಿಯೇ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಬೇರೆಡೆ ಪರಿಸರದ ಕಾಳಜಿಯನ್ನೇ ತೋರದ ಹೋಟೆಲುಗಳ ಇಂಥ ಚೀಟಿಗಳನ್ನು ಕಂಡೇ ಅಮೆರಿಕದ ಪರಿಸರವಾದಿ ಜೇ ವೆಸ್ಟರ್‌ವೆಲ್ಡ್ 1986ರಲ್ಲಿ ‘ಗ್ರೀನ್‌ವಾಶಿಂಗ್’, ಅಂದರೆ ಪರಿಸರ ಕಾಳಜಿಯ ಸೋಗು, ಎಂಬ ಪದವನ್ನು ಬಳಕೆಗೆ ತಂದರು.

ಹಂತ 7: ಪ್ರತಿವರ್ಷದ ಲೆಕ್ಕ

ಐದು ಅಂಕಿಗಳನ್ನು ತಪ್ಪದೆ ಬರೆದಿಡಿ: ಒಬ್ಬ ಅತಿಥಿಯ ಒಂದು ರಾತ್ರಿಗೆ ಖರ್ಚಾದ ನೀರು, ವಿದ್ಯುತ್, ಜನರೇಟರಿನ ಡೀಸೆಲ್, ಒಟ್ಟು ಖರೀದಿಯಲ್ಲಿ ಸುತ್ತಲಿನ ಊರುಗಳಿಗೆ ಹೋದ ಪಾಲು, ಒಟ್ಟು ಸಂಬಳದಲ್ಲಿ ಊರಿನವರಿಗೆ ಹೋದ ಪಾಲು. ಪ್ರಮಾಣಪತ್ರದ ಆಸೆ ಇದನ್ನೆಲ್ಲ ಮಾಡಿದ ಮೇಲೆ ಹುಟ್ಟಲಿ. ಜಾಗತಿಕ ಸುಸ್ಥಿರ ಪ್ರವಾಸೋದ್ಯಮ ಮಂಡಳಿ ತಾನೇ ಲಾಡ್ಜ್‌ಗಳಿಗೆ ಪ್ರಮಾಣಪತ್ರ ಕೊಡುವುದಿಲ್ಲ. ಅದು ಮಾನದಂಡಗಳನ್ನು ರೂಪಿಸಿ, ಪ್ರಮಾಣಪತ್ರ ಕೊಡುವ ಸಂಸ್ಥೆಗಳಿಗೆ ಮಾನ್ಯತೆ ನೀಡುತ್ತದೆ. ಸ್ಥಳಕ್ಕೆ ಬಂದು ಪರಿಶೀಲಿಸದೆ, ಶುಲ್ಕ ಪಡೆದು ಹಸಿರು ಎಲೆಯ ಮುದ್ರೆ ಕಳುಹಿಸುವವರಿಂದ ದೂರವಿರಿ.

ಅತಿಥಿಗಳು ಕಡಿಮೆಯಿರುವ ತಿಂಗಳಲ್ಲಿ, ಮುಂದಿನ ವರ್ಷದ ಕೋಣೆ ಬಾಡಿಗೆ ನಿಶ್ಚಯವಾಗುವ ಮೊದಲೇ, ಈ ಐದು ಅಂಕಿಗಳನ್ನೂ ನಿಧಿಯ ಜಮೆ ಖರ್ಚನ್ನೂ ಊರಿನ ಸಭೆಯಲ್ಲಿ ಓದಬೇಕು. ಓದುವವರು ಮಾಲೀಕರಾಗಿರದೆ ಊರಿನ ಸಮಿತಿಯವರಾಗಿರಲಿ. ಅಲ್ಲಿ ಎದ್ದ ಪ್ರಶ್ನೆಗಳನ್ನೂ ಕೊಟ್ಟ ಉತ್ತರಗಳನ್ನೂ ಕರಾರಿನ ಪ್ರತಿಗೆ ಅದೇ ದಿನ ಲಗತ್ತಿಸಿ, ಎರಡೂ ಕಡೆಯವರು ಸಹಿ ಮಾಡಿ ಇಟ್ಟುಕೊಳ್ಳಬೇಕು.