ನೇರ ಗೀರು, ಬಾಗುವ ಕಾಗದ

ಚಿತ್ತಾರ ಕೊರೆಯದೆ, ಗೋಂದು ಹಚ್ಚದೆ, ಒಂದೇ ಒಂದು ಚೌಕ ಹಾಳೆಯಿಂದ ಗೋಡೆಗೆ ತೂಗುಹಾಕುವಂಥ ಅಮೂರ್ತ ಕಾಗದ ಶಿಲ್ಪ ಮಾಡಬಹುದು. ಒಂದರೊಳಗೊಂದು ಚೌಕಗಳನ್ನು ಗೀರಿ, ಒಂದನ್ನು ಏಣಾಗಿ (ಮೇಲಕ್ಕೆದ್ದ ಅಂಚಾಗಿ), ಅದರ ಪಕ್ಕದ್ದನ್ನು ತಗ್ಗಾಗಿ ಮಡಚುತ್ತ ಹೋದರೆ ಹಾಳೆ ಕುದುರೆಯ ಜೀನಿನಂತೆ ತಾನಾಗಿ ಬಾಗುತ್ತದೆ. ಎದುರುಬದುರಿನ ಎರಡು ಮೂಲೆ ಮೇಲಕ್ಕೇಳುತ್ತವೆ, ಉಳಿದೆರಡು ಕೆಳಗಿಳಿಯುತ್ತವೆ. ಗಣಿತದಲ್ಲಿ ಈ ಮೇಲ್ಮೈಗೆ ಹೈಪರ್ಬೋಲಿಕ್ ಪ್ಯಾರಾಬೊಲಾಯ್ಡ್ ಎಂದು ಹೆಸರು. 1920ರ ದಶಕದ ಕೊನೆಯಲ್ಲಿ ಜರ್ಮನಿಯ ಡೆಸ್ಸೌ ನಗರದ ಬೌಹೌಸ್ ಕಲಾಶಾಲೆಯಲ್ಲಿ, ಯೋಸೆಫ್ ಆಲ್ಬರ್ಸ್ ಅವರ ತರಗತಿಯ ವಿದ್ಯಾರ್ಥಿಗಳು ಇದನ್ನು ಮಡಚಿದ್ದರು.

ಇಲ್ಲಿ ರೇಖೆ ಎಳೆಯುವುದು ಪೆನ್ಸಿಲ್ ಅಲ್ಲ, ನೆರಳು. ಹಾಸನ ಜಿಲ್ಲೆಯವರಿಗೆ ಇದನ್ನು ಕಣ್ಣಾರೆ ಕಾಣಲು ದೂರ ಹೋಗಬೇಕಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಬೆಳಗಿನ ಓರೆ ಬಿಸಿಲಿನಲ್ಲಿ ಹೋಗಿ, ಶಿಲ್ಪಗಳನ್ನು ಅರೆಗಳಿಗೆ ಮರೆತು, ಗೋಡೆಯ ಮೂಲೆಗಳನ್ನಷ್ಟೇ ನೋಡಿ. ಮುಂದೆ ಚಾಚಿ ಹಿಂದೆ ಸರಿಯುವ ಗೋಡೆಯಲ್ಲಿ ಒಂದು ಮುಖ ಬೆಳಕು, ಪಕ್ಕದ್ದು ಕತ್ತಲು. ನಡುವಿನ ಏಣೇ ಗೆರೆ. ಮಧ್ಯಾಹ್ನ ನೆತ್ತಿಯ ಬಿಸಿಲಿಗೆ ಅದೇ ಗೋಡೆ ಸಪ್ಪೆ. ಕಾಗದಕ್ಕೂ ಇದೇ ಲೆಕ್ಕ: ಮಡಿಕೆ ಕರಾರುವಾಕ್ಕಾಗಿರಬೇಕು, ಬೆಳಕು ಒಂದೇ ಕಡೆಯಿಂದ ಬರಬೇಕು.

ಹಾಳೆಯ ಆಯ್ಕೆ

100ರಿಂದ 120 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಗೆ ಇಷ್ಟು ಗ್ರಾಂ) ತೂಕದ, ಹೊಳಪಿಲ್ಲದ ಬಿಳಿ ಹಾಳೆ ಬೇಕು. ಜೆರಾಕ್ಸ್ ಅಂಗಡಿಯಲ್ಲಿ ಎ3 ಅಳತೆಯ 100 ಜಿಎಸ್‌ಎಂ ಹಾಳೆ ಸಿಕ್ಕರೆ ಸಾಕು. ಬರೀ ‘ಡ್ರಾಯಿಂಗ್ ಶೀಟ್’ ಎಂದು ಕೇಳಬೇಡಿ, ಜಿಎಸ್‌ಎಂ ಹೇಳಿ ಕೇಳಿ. 200ರ ಹಾಳೆ ಮಡಿಕೆಯಲ್ಲಿ ಬಿರಿಯುತ್ತದೆ, ನಡುವಿಗೆ ಬರುವಷ್ಟರಲ್ಲಿ ಬಗ್ಗುವುದನ್ನೇ ನಿಲ್ಲಿಸುತ್ತದೆ. ಗ್ಲೇಸ್ ಪೇಪರ್ ಹೊಳೆದು ನೆರಳನ್ನು ಕೆಡಿಸುತ್ತದೆ. ಬಣ್ಣದ ಹಾಳೆಯೂ ಮೊದಲಿಗೆ ಬೇಡ. ಬಿಳಿಯ ಮೇಲೆ ಮಾತ್ರ ಬೆಳಕಿನ ಎಲ್ಲ ಮೆಟ್ಟಿಲುಗಳೂ ಎದ್ದು ಕಾಣುತ್ತವೆ.

ಉಳಿದಂತೆ ಸ್ಟೀಲ್ ಸ್ಕೇಲು, ಕಟರ್, ಗುಂಡುಸೂಜಿ, ಇಂಕು ಮುಗಿದ ಬಾಲ್‌ಪೆನ್, ಅಡಿಗೆ ಹಾಸಲು ನಾಲ್ಕೈದು ಪದರ ದಿನಪತ್ರಿಕೆ, ನಾಲ್ಕು ಬಟ್ಟೆ ಕ್ಲಿಪ್ಪು.

ಹಾಳೆಗೂ ನಾರಿನ ದಿಕ್ಕು ಇರುತ್ತದೆ. ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆಗೆ ಸುಲಭವಾಗಿ ಸುರುಳಿಯಾಗುತ್ತದೋ ಆ ಸುರುಳಿಯ ಉದ್ದಕ್ಕೆ ನಾರು ಓಡುತ್ತದೆ. ನಮ್ಮ ಮಡಿಕೆಗಳು ಎರಡೂ ದಿಕ್ಕಿಗೆ ಇರುವುದರಿಂದ ಅರ್ಧದಷ್ಟು ಮಡಿಕೆ ನಾರಿಗೆ ಅಡ್ಡ ಬೀಳುವುದು ತಪ್ಪದು. ಅಡ್ಡ ಬೀಳುವ ಗೀರುಗಳನ್ನು ಎರಡೆರಡು ಸಲ ಎಳೆಯಿರಿ. ಎರಡೂ ದಿಕ್ಕಿನ ಮಡಿಕೆಗಳು ಸಮನಾಗಿ ಬಗ್ಗದಿದ್ದರೆ ಶಿಲ್ಪ ಒಂದು ಮಗ್ಗುಲಿಗೆ ವಾಲುತ್ತದೆ.

ಗುರುತು ಮತ್ತು ಗೀರು

24 ಸೆಂ.ಮೀ. ಚೌಕ ಕತ್ತರಿಸಿ. ಎರಡು ಕರ್ಣಗಳನ್ನೂ ಅಳೆಯಿರಿ. ಎರಡೂ ಸುಮಾರು 33.9 ಸೆಂ.ಮೀ. ಇರಬೇಕು. ಒಂದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅದು ಚೌಕವಲ್ಲ, ಮತ್ತೆ ಕತ್ತರಿಸುವುದೇ ವಾಸಿ.

ಎರಡು ಕರ್ಣಗಳನ್ನೂ ಮೊದಲು ಒಂದು ಕಡೆಗೆ, ಆಮೇಲೆ ಅದೇ ಗೆರೆಯಲ್ಲಿ ಇನ್ನೊಂದು ಕಡೆಗೆ ಮಡಚಿ, ಬಿಡಿಸಿ. ಹಾಳೆ ಪೂರ್ತಿ ಕೂಡಿದಾಗ ಕರ್ಣದ ಒಂದು ತುಂಡು ಏಣಾಗುತ್ತದೆ, ಮುಂದಿನ ತುಂಡು ತಗ್ಗಾಗುತ್ತದೆ. ಎರಡೂ ಕಡೆಗೆ ಸಡಿಲವಾಗಿದ್ದರೆ ಆ ಆಯ್ಕೆಯನ್ನು ಕಾಗದವೇ ಮಾಡಿಕೊಳ್ಳುತ್ತದೆ.

ಈಗ ಮೇಲಂಚು, ಕೆಳಂಚುಗಳಲ್ಲಿ ಮಾತ್ರ ಸೆಂಟಿಮೀಟರಿಗೊಂದು ತೆಳು ಗುರುತು. ನಡುವಿನ 12ನೆಯದನ್ನು ಬಿಟ್ಟರೆ ಒಂದೊಂದು ಅಂಚಿಗೆ 22 ಗುರುತು. ಮೇಲಿನ ಗುರುತಿಗೂ ನೇರ ಕೆಳಗಿನದಕ್ಕೂ ಸ್ಕೇಲು ಕೂಡಿಸಿ, ಗೆರೆ ಎಳೆಯಬೇಡಿ; ಸ್ಕೇಲು ಎರಡು ಕರ್ಣಗಳನ್ನು ಹಾಯುವಲ್ಲಿ ಗುಂಡುಸೂಜಿಯಿಂದ ಚುಚ್ಚಿ. ಒಟ್ಟು 44 ಚುಚ್ಚು. ಇವು 11 ಚೌಕಗಳ ಮೂಲೆಗಳು. ರಂಧ್ರ ಹಿಂದಕ್ಕೂ ಕಾಣುವುದರಿಂದ ಹಿಂಬದಿಯಲ್ಲಿ ಮತ್ತೆ ಅಳೆಯುವ ಗೋಜಿಲ್ಲ. ಪೆನ್ಸಿಲ್ ಗೆರೆ ಎಳೆದರೆ ಮಡಚುವಾಗ ಸೀಸ ಬೆರಳಿಗೆ ಹತ್ತಿ ಹಾಳೆಯೆಲ್ಲ ಮಾಸಲು.

ಹಾಳೆಯನ್ನು ದಿನಪತ್ರಿಕೆಯ ಮೇಲಿಟ್ಟು, ಖಾಲಿ ಪೆನ್ನಿನಿಂದ ಮುಂಬದಿಯಲ್ಲಿ ಹೊರಗಿನಿಂದ ಎಣಿಸಿ 1, 3, 5, 7, 9, 11ನೇ ಚೌಕಗಳನ್ನು ಗೀರಿ. ಹಾಳೆ ಮಗುಚಿ 2, 4, 6, 8, 10ನೇ ಚೌಕಗಳನ್ನು ಗೀರಿ. ಪೆನ್ನಿನ ಗೀರು ಬಿದ್ದ ಬದಿಯೇ ಮಡಿಕೆಯ ಒಳಗು. ಕಟರ್‌ನಿಂದ ಅರ್ಧ ಕೊಯ್ದು ಮಡಚುವ ಪದ್ಧತಿ ದಪ್ಪ ರಟ್ಟಿಗೆ ಸರಿ, ಇಷ್ಟು ತೆಳು ಹಾಳೆ ಹರಿಯುತ್ತದೆ.

ಹೆಚ್ಚಿನ ಹಾಳೆಗಳು ಕೆಡುವುದು ಇಲ್ಲೇ: ಗೀರು ಚುಚ್ಚಿನಿಂದ ಚುಚ್ಚಿಗೆ ನಿಲ್ಲಬೇಕು, ಕರ್ಣ ದಾಟಿ ಅಂಚಿಗೆ ಹೋಗಬಾರದು. ದಾಟಿದರೆ ಪಕ್ಕದ ಪಟ್ಟಿಯಲ್ಲಿ ಬೇಡದ ಮಡಿಕೆ ಮೂಡಿ ಏಣು ಅಲ್ಲಿ ಮುರಿಯುತ್ತದೆ. ಮೂಡಿದ ಮಡಿಕೆಯನ್ನು ಅಳಿಸಲಾಗದು. ಅಂಚಿನ ಪೆನ್ಸಿಲ್ ಗುರುತುಗಳನ್ನು ಮಡಚುವ ಮೊದಲೇ ಒರೆಸಿ.

ಮಡಚುವುದು, ಕೂಡಿಸುವುದು

ಹೊರಗಿನ ಚೌಕದಿಂದ ಶುರು. ಪ್ರತಿ ಬದಿಯನ್ನೂ ಎರಡು ಬೆರಳುಗಳ ನಡುವೆ ಚಿವುಟುತ್ತ, ಸುಮಾರು ಲಂಬಕೋನದಷ್ಟು ಮಡಚಿ ಬಿಡಿ. ಒಂದು ತಗ್ಗು, ಒಂದು ಏಣು. ಹನ್ನೊಂದೂ ಮುಗಿಯುವ ಹೊತ್ತಿಗೆ ಹಾಳೆ ಅಲೆಯಲೆಯಾಗಿ ಎದ್ದಿರುತ್ತದೆ.

ಆಮೇಲೆ ಮೂಲೆಗಳು. ಒಂದು ಮೂಲೆಯ ಮೊದಲ ಮೂರು ಮಡಿಕೆ ಒತ್ತಿ ಕೂಡಿಸಿ, ಹಾಳೆ ತಿರುಗಿಸಿ, ಮುಂದಿನ ಮೂಲೆ. ನಾಲ್ಕೂ ಮೂಲೆ ಸುತ್ತಿ ಬಂದ ಮೇಲೆ ಮತ್ತೆ ಮೂರು ಮಡಿಕೆ ಒಳಕ್ಕೆ. ಒಂದೇ ಮೂಲೆಯನ್ನು ನಡುವಿನವರೆಗೆ ಮುಗಿಸಿಬಿಡುವ ಆತುರ ಬೇಡ; ಉಳಿದ ಮೂರು ಕಡೆ ಎಳೆತ ಬಿದ್ದು ನಟ್ಟನಡುವೆ ಹರಿಯುತ್ತದೆ. ಕೊನೆಯ 2 ಸೆಂ.ಮೀ. ಚೌಕ ಹಟ ಮಾಡುವುದು ಸಹಜ. ಪೆನ್ಸಿಲಿನ ಹಿಂದುದಿಯಿಂದ ಮೆಲ್ಲಗೆ ಒತ್ತಿ.

ಎಲ್ಲ ಕೂಡಿದಾಗ ಹಾಳೆ ಗುಣಾಕಾರ ಚಿಹ್ನೆಯಂತೆ ನಾಲ್ಕು ತೋಳಿನ ಕಟ್ಟಾಗುತ್ತದೆ. ತೋಳಿಗೊಂದು ಕ್ಲಿಪ್ಪು ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಎದುರುಬದುರಿನ ಎರಡು ತೋಳು ಹಿಡಿದು ಹೊರಕ್ಕೆಳೆಯುತ್ತ ತುಸು ತಿರುಚಿದರೆ ಬಾಗು ತೆರೆದುಕೊಳ್ಳುತ್ತದೆ. ಒಂದು ಕರ್ಣ ಕಮಾನಾಗಿ ಏಳುತ್ತದೆ, ಇನ್ನೊಂದು ತೊಟ್ಟಿಲಾಗಿ ಇಳಿಯುತ್ತದೆ. ಆದರೆ ಚೌಕದ ಬದಿಗಳಿಗೆ ಸಮಾನಾಂತರವಾದ ಪ್ರತಿ ಮಡಿಕೆಯೂ ಹೆಚ್ಚುಕಡಿಮೆ ನೇರವಾಗಿಯೇ ಉಳಿದಿರುತ್ತದೆ. ನೇರ ಗೆರೆಗಳಷ್ಟೇ ಸೇರಿ ಬಾಗಿದ ಮೇಲ್ಮೈ ಆಗಿದೆ. ಸ್ಕೇಲು ಒತ್ತಿ ಪರೀಕ್ಷಿಸಬಹುದು.

ಹೊರಗಿನ ಉದ್ದ ಪಟ್ಟಿಗಳ ನಡುವೆ ಸಣ್ಣ ತಗ್ಗು, ಸುಕ್ಕು ಕಂಡರೆ ಕೈಯನ್ನು ದೂರಬೇಡಿ. ಕಂಪ್ಯೂಟರ್ ವಿಜ್ಞಾನಿ ಎರಿಕ್ ಡಿಮೇನ್ ಮತ್ತು ಸಂಗಡಿಗರು 2009ರಲ್ಲಿ ಗಣಿತದಿಂದಲೇ ಸಾಧಿಸಿ ತೋರಿಸಿದರು: ಹಿಗ್ಗದ ಆದರ್ಶ ಕಾಗದ ಈ ಚೌಕ ಮತ್ತು ಕರ್ಣಗಳ ಮಡಿಕೆಯಿಂದ ಮಾತ್ರವೇ ಹೀಗೆ ನಿಲ್ಲಲಾರದು. ನಿಜವಾದ ಕಾಗದ ಪಟ್ಟಿಗಳಲ್ಲಿ ಕಣ್ಣಿಗೆ ಕಾಣದಷ್ಟು ಪುಟ್ಟ ಮಡಿಕೆಗಳನ್ನು ತಾನೇ ಸೇರಿಸಿಕೊಳ್ಳುತ್ತದೆ. ತೆಳು ಹಾಳೆ ಆ ಗುಟ್ಟನ್ನು ಮುಚ್ಚಿಡುತ್ತದೆ, ದಪ್ಪ ಹಾಳೆ ಬಯಲು ಮಾಡುತ್ತದೆ.

ಮಳೆಗಾಲ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಗಾಜಿನ ಚೌಕಟ್ಟಿಲ್ಲದೆ ತೂಗುಹಾಕಿದರೆ ಮಡಿಕೆ ಸಡಿಲವಾಗಿ ಬಾಗು ಚಪ್ಪಟೆಯಾಗುತ್ತದೆ. ತೇವಕ್ಕೆ ನಾರು ಉಬ್ಬಿ ಬಿಗಿ ಕಳೆದುಕೊಳ್ಳುವುದೇ ಕಾರಣ. ಗಟ್ಟಿ ಮಾಡಲೆಂದು ನೀರು ಬೆರೆಸಿದ ಅಂಟು ಬಳಿಯುವವರಿದ್ದಾರೆ. ಆ ನೀರೇ ಹಾಳೆಯನ್ನು ಕೆಡಿಸುತ್ತದೆ. ಹಿಂದಕ್ಕೆ ಇಳಿದ ಎರಡು ಮೂಲೆಗಳ ನಡುವೆ ದಾರ ಬಿಗಿದು ಬಾಗನ್ನು ಹಿಡಿದಿಡಿ. ಆಳವಾದ ಗಾಜಿನ ಚೌಕಟ್ಟಿನಲ್ಲಿಟ್ಟು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ಇನ್ನೂ ಒಳ್ಳೆಯದು. ಗೀರುವ, ಮಡಚುವ ಕೆಲಸವನ್ನು ಒಣ ದಿನಗಳಲ್ಲೇ ಮುಗಿಸಿಕೊಳ್ಳಿ.

ಬೆಳಕು, ಕಣ್ಣು

ಟ್ಯೂಬ್‌ಲೈಟಿನ ಹರಡಿದ ಬೆಳಕಿಗೆ ಈ ಶಿಲ್ಪ ಸತ್ತಂತೆ. ಒಂದೇ ಎಲ್‌ಇಡಿ ಬಲ್ಬು ಸಾಕು: ಶಿಲ್ಪದಿಂದ 60 ಸೆಂ.ಮೀ. ಪಕ್ಕಕ್ಕೆ, ಗೋಡೆಯಿಂದ 20–22 ಸೆಂ.ಮೀ. ಮುಂದಕ್ಕೆ. ಆಗ ಬೆಳಕು ಗೋಡೆಗೆ ಸುಮಾರು 20 ಡಿಗ್ರಿಯಲ್ಲಿ ಸವರಿಕೊಂಡು ಬರುತ್ತದೆ. ದಿಕ್ಕೂ ಮುಖ್ಯ. ಬೆಳಕಿಗೆ ಅಡ್ಡ ನಿಂತ ಮಡಿಕೆ ಮಾತ್ರ ನೆರಳು ಕೊಡುತ್ತದೆ, ಬೆಳಕಿನ ಜೊತೆ ಓಡುವ ಮಡಿಕೆ ಬೂದು ಬಣ್ಣಕ್ಕೆ ತಿರುಗಿ ಮಾಯವಾಗುತ್ತದೆ. ಸರಿಯಾಗಿ ಎಡದಿಂದ ಬೆಳಕು ಬಿಟ್ಟರೆ ನಾಲ್ಕು ಭಾಗಗಳಲ್ಲಿ ಎರಡಷ್ಟೇ ಕಾಣುವುದು ಇದರಿಂದಲೇ. ಎಡಮೇಲಿನ ಮೂಲೆಯಿಂದ, ಕರ್ಣದ ದಿಕ್ಕಿಗೆ ಬಿಟ್ಟರೆ ನಾಲ್ಕೂ ಏಳುತ್ತವೆ.

ಬಲ್ಬನ್ನು ಶಿಲ್ಪದ ಕೆಳಗಿಟ್ಟು ಒಂದು ಕಣ್ಣು ಮುಚ್ಚಿ ಎರಡು ಮೀಟರು ದೂರದಿಂದ ನೋಡಿ. ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ತಿರುಗಬಹುದು. ಬೆಳಕು ಮೇಲಿನಿಂದಲೇ ಬರುತ್ತದೆಂದು ಮಿದುಳು ಎಣಿಸಿಕೊಳ್ಳುವುದರಿಂದ ಹೀಗಾಗುತ್ತದೆ. ಆಸ್ಟ್ರಿಯಾದ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್ ನಡುವೆ ಮಡಚಿ ನಿಲ್ಲಿಸಿದ ಬರೀ ಒಂದು ಕಾರ್ಡಿನಿಂದ ಇಂಥ ಪಲ್ಲಟವನ್ನು ವಿವರಿಸಿದ್ದರು. ತಲೆ ಅಲ್ಲಾಡಿಸಿದರೆ ಶಿಲ್ಪವೂ ಜೊತೆಗೆ ತಿರುಗಿದಂತೆ ತೋರುತ್ತದೆ. ಎರಡೂ ಕಣ್ಣು ತೆರೆದರೆ ಆಟ ಮುಗಿಯಿತು.

ಒಂದು ಕೈಗೆ ಕೂತ ಮೇಲೆ ನಾಲ್ಕು ಮಾಡಿ ಎರಡು ಸಾಲಿನಲ್ಲಿ ಜೋಡಿಸಿ. ನಾಲ್ಕನ್ನೂ ಒಂದೇ ದಿಕ್ಕಿಗಿಟ್ಟರೆ ನಡುವೆ ಎರಡು ಏರಿದ ಮೂಲೆ, ಎರಡು ಇಳಿದ ಮೂಲೆ ಸೇರಿ ಗೊಂದಲ. ನಡುವಿಗೆ ಇಳಿದ ಮೂಲೆ ತಂದಿರುವ, ಓರೆಯಾಗಿ ಎದುರಾಗುವ ಎರಡನ್ನು 90 ಡಿಗ್ರಿ ತಿರುಗಿಸಿದರೆ ನಾಲ್ಕೂ ಏರಿದ ಮೂಲೆಗಳು ಕೂಡಿ ಶಿಖರವಾಗುತ್ತದೆ. ಅವುಗಳ ಬದಲು ಉಳಿದೆರಡನ್ನು ತಿರುಗಿಸಿದರೆ ಅದೇ ಜಾಗದಲ್ಲಿ ಗುಂಡಿ. ಇಳಿಸಿ ಮತ್ತೆ ಹಾಕುವಾಗ ಗೊಂದಲವಾಗದಂತೆ ಪ್ರತಿಯೊಂದರ ಹಿಂಬದಿಯಲ್ಲೂ ‘ಮೇಲೆ’ ಎಂದು ಬಾಣದ ಗುರುತು ಹಾಕಿಡಿ.