ಜಿಮೇಲ್ ಫಿಲ್ಟರ್ ಕೊನೆಗೂ ದಾರಿಗೆ ಬಂತು: ನನ್ನ ಅನುಭವ

ದಾವಣಗೆರೆಯಲ್ಲಿ ಜಿಎಸ್‌ಟಿ ರಿಟರ್ನ್ ಹಾಕುವ ಕೆಲಸ ನನ್ನದು. ಎಪ್ಪತ್ತಕ್ಕೂ ಹೆಚ್ಚು ಪಾರ್ಟಿಗಳು, ಅಂದರೆ ಗಿರಾಕಿಗಳು, ಜಾಸ್ತಿ ಬಟ್ಟೆ ಅಂಗಡಿ, ಹಾರ್ಡ್‌ವೇರ್. ಅರ್ಧಕ್ಕರ್ಧ ಪಾರ್ಟಿಗಳ ಜಿಎಸ್‌ಟಿ ರಿಜಿಸ್ಟ್ರೇಷನ್‌ನಲ್ಲಿ ಇರುವುದು ನಮ್ಮದೇ ಮೇಲ್ ಐಡಿ. ಒಟಿಪಿ, ಎಆರ್‌ಎನ್ (ಸಲ್ಲಿಸಿದ್ದಕ್ಕೆ ಬರುವ ಸ್ವೀಕೃತಿ ನಂಬರ್), ನೋಟಿಸ್, ಖರೀದಿ ಬಿಲ್, ಸೀರೆ ಆಫರ್, ಎಲ್ಲ ಒಂದೇ ಇನ್‌ಬಾಕ್ಸ್‌ಗೆ. ರಿಟರ್ನ್ ಹಾಕುವ ದಿನಗಳಲ್ಲಿ, 11ರಿಂದ 20ನೇ ತಾರೀಖಿನ ನಡುವೆ, ದಿನಕ್ಕೆ ಇನ್ನೂರಕ್ಕೆ ಕಡಿಮೆ ಇಲ್ಲ.

ಮೇಲ್‌ಗಳನ್ನು ತಾನಾಗಿ ವಿಂಗಡಿಸುವ ಫಿಲ್ಟರ್ ಹಾಕ್ತೀನಿ ಅಂದಾಗ ಆಫೀಸಿನ ಹುಡುಗ ನಕ್ಕ. "ಸಾರ್, ಪಾರ್ಟಿಗಳು ಸಬ್ಜೆಕ್ಟೇ ಬರೆಯಲ್ಲ. ಫಿಲ್ಟರ್ ಏನನ್ನ ಹಿಡಿಯುತ್ತೆ?" ಮಾತು ಸರಿಯೇ ಇತ್ತು. ಒಪ್ಪಿಕೊಳ್ಳಲು ನನಗೆ ಒಂದೂವರೆ ವರ್ಷ ಬೇಕಾಯಿತು.

ಮೊದಲ ಏಟು ದುಡ್ಡಿನದು. ಜಿಎಸ್‌ಟಿ ಪೋರ್ಟಲ್‌ನಿಂದ ಬರುವ ಮೇಲ್ ಕಾಟ ತಡೆಯಲಾರದೆ, ಆ ಕಡೆಯಿಂದ ಬಂದದ್ದೆಲ್ಲ ಇನ್‌ಬಾಕ್ಸ್ ಬಿಟ್ಟು ಲೇಬಲ್‌ಗೆ (ಫೋಲ್ಡರ್ ಥರದ್ದು) ಹೋಗಲಿ, ಓದಿದ ಹಾಗೆ ಗುರುತಾಗಲಿ ಅಂತ ಹಾಕಿದೆ. ಎರಡು ತಿಂಗಳು ಸ್ವರ್ಗ. ಅದೇ ಗುಂಪಿನಲ್ಲಿ ಒಬ್ಬ ಹಾರ್ಡ್‌ವೇರ್ ಪಾರ್ಟಿಯ ಎಎಸ್‌ಎಂಟಿ-10, ಅಂದರೆ ರಿಟರ್ನ್‌ನಲ್ಲಿ ವ್ಯತ್ಯಾಸ ಇದೆ ಅಂತ ಬರುವ ನೋಟಿಸ್, ಕೂಡ ಸದ್ದಿಲ್ಲದೆ ಹೋಗಿ ಮಲಗಿತ್ತು. ಉತ್ತರ ಕೊಡಲು ಇದ್ದ 30 ದಿನ ಮುಗಿದು, ತೆರಿಗೆ ಕಟ್ಟಿ ಅನ್ನುವ ಡಿಆರ್‌ಸಿ-01 ನೋಟಿಸ್ ಬಂದಾಗಲೇ ಗೊತ್ತಾಗಿದ್ದು. "ಏನ್ ಸಾರ್ ಇದು?" ಅಂದರು, ಅಷ್ಟೇ. ತಪ್ಪು ನನ್ನದೇ. ಆ ವರ್ಷದ ಫೀಸು, ಸುಮಾರು ಒಂಬತ್ತು ಸಾವಿರ, ಕೇಳಲಿಲ್ಲ.

ಅದಾದ ಮೇಲೆ, 'ನೋಟಿಸ್' ಅಂತಿದ್ದರೆ ಇನ್‌ಬಾಕ್ಸ್‌ನಲ್ಲೇ ಇರಲಿ ಅಂತ ಇನ್ನೊಂದು ರೂಲ್ ಹಾಕಲು ಹೋದೆ. ಜಿಮೇಲ್‌ನಲ್ಲಿ ಅಂಥ ಆಯ್ಕೆಯೇ ಇಲ್ಲ. ಔಟ್‌ಲುಕ್ ಥರ ರೂಲ್‌ಗಳನ್ನು ಮೇಲೆ ಕೆಳಗೆ ಜೋಡಿಸಿ ಇಲ್ಲಿಗೆ ನಿಲ್ಲು ಅನ್ನೋಕೂ ಆಗಲ್ಲ. ಒಂದು ಮೇಲ್‌ಗೆ ಎಷ್ಟು ಫಿಲ್ಟರ್ ಹೊಂದುತ್ತವೋ ಅಷ್ಟೂ ಕೆಲಸ ಮಾಡುತ್ತವೆ. ಕೊನೆಗೆ ತಿರುಗಿಸಿ ಹಾಕಿದೆ. ಒಟಿಪಿ, ಎಆರ್‌ಎನ್ ಎರಡನ್ನು ಮಾತ್ರ ಬಚ್ಚಿಡು, ಉಳಿದದ್ದನ್ನು ಮುಟ್ಟಲೇಬೇಡ. ಗುರುತು ಸಿಗದ ಮೇಲ್ ಕಣ್ಣ ಮುಂದೆಯೇ ಬೀಳಬೇಕು.

ಪಾರ್ಟಿಗಳು ಕಳಿಸುವ ಖರೀದಿ ಬಿಲ್‌ಗಳದ್ದು ಇನ್ನೂ ದೊಡ್ಡ ಗೋಳು. ಕಳಿಸಿದವರ ಐಡಿ ಮೇಲೆ ರೂಲ್ ಹಾಕಿದರೆ ಈ ತಿಂಗಳು ಮಗನ ಮೇಲ್‌ನಿಂದ, ಮುಂದಿನ ತಿಂಗಳು ಸೈಬರ್ ಸೆಂಟರ್‌ನಿಂದ ಬರುತ್ತೆ. ಕನ್ನಡದಲ್ಲೂ ಒಂದು ಪ್ರಯೋಗ ಆಯ್ತು. 'ಬಿಲ್' ಅಂತ ಹಾಕಿದರೆ 'ಬಿಲ್ಲು' ಸಿಗಲ್ಲ, 'ಬಿಲ್ಲು' ಹಾಕಿದರೆ 'ಬಿಲ್ಲಿನ ಫೋಟೋ' ಜಾರಿತು. ನಮ್ಮ ವಿಭಕ್ತಿ ಪ್ರತ್ಯಯಕ್ಕೆ ಗೂಗಲ್ ಸುಸ್ತು. ಹದಿನಾಲ್ಕು ರೂಪ ಬರೆದು ಕೈಬಿಟ್ಟೆ. ಹೀಗೆ ಕಳೆದುಹೋದ ಬಿಲ್ ಹುಡುಕುತ್ತಾ ಮೂರು ಪಾರ್ಟಿಗಳ 3ಬಿ (ತೆರಿಗೆ ಕಟ್ಟುವ ರಿಟರ್ನ್) ತಡವಾಯಿತು. ದಿನಕ್ಕೆ 50 ರೂಪಾಯಿ ಲೇಟ್ ಫೀ ನನ್ನ ಜೇಬಿನಿಂದಲೇ.

ಕೈ ಹಿಡಿದದ್ದು ಪ್ಲಸ್ ಗುರುತು. ನಮ್ಮ ಐಡಿಯಲ್ಲಿ ಹೆಸರು ಆದ ಮೇಲೆ, ಅಟ್ (@) ಗುರುತಿಗೆ ಮೊದಲು, ಪ್ಲಸ್ ಹಾಕಿ ಪಾರ್ಟಿಯ ನಂಬರ್ ಸೇರಿಸಿದರೂ ಮೇಲ್ ನಮಗೇ ಬರುತ್ತೆ ಅಲ್ವಾ? ಎರಡು ಭಾನುವಾರ ಮಂಡಿಪೇಟೆ ಸುತ್ತಿ, ಪ್ರತಿಯೊಬ್ಬರ ಫೋನಿನಲ್ಲಿ 'ಜಿಎಸ್‌ಟಿ ಬಿಲ್' ಅಂತ ಅವರವರ ವಿಳಾಸ ನಾನೇ ಸೇವ್ ಮಾಡಿಕೊಟ್ಟೆ. ಈಗ ಸಬ್ಜೆಕ್ಟ್ ಖಾಲಿ ಇರಲಿ, ಸೊಸೆ ಕಳಿಸಲಿ, 'ಯಾರಿಗೆ' ಅನ್ನುವ ಜಾಗ ನೋಡಿ ಲೇಬಲ್ ಬೀಳುತ್ತೆ. ಕೆಲವು ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ಪ್ಲಸ್ ಒಪ್ಪಲ್ಲ. ಅಂಥ ಐದಾರು ಸಪ್ಲೈಯರ್‌ಗಳಿಗೆ ಬೇರೆ ರೂಲ್ ಇದೆ.

ನಡುವೆ 15 ಜಿಬಿ ತುಂಬಿ ಒಂದು ಮಧ್ಯಾಹ್ನ ಮೇಲ್ ಬರೋದೇ ನಿಂತಿತ್ತು. ಬಿಲ್ ಫೋಟೋಗಳ ಕೃಪೆ. ತಿಂಗಳಿಗೆ ನೂರಮೂವತ್ತೋ ಏನೋ ಕೊಟ್ಟು ಜಾಗ ತಗೊಂಡೆ.

ಈಗ ಬೆಳಗ್ಗೆ ಇನ್‌ಬಾಕ್ಸ್‌ನಲ್ಲಿ ಇರುವುದು ಹತ್ತು ಹನ್ನೆರಡು ಮೇಲ್. ಬಿಲ್ ಯಾರು ಕಳಿಸಿಲ್ಲ ಅನ್ನೋ ಪಟ್ಟಿ 8ನೇ ತಾರೀಖು ತಾನಾಗಿ ಬರುತ್ತೆ. ಅದರ ಹಿಂದೆ ಮೂರು ಫಿಲ್ಟರ್, ಒಂದು ಸಣ್ಣ ಸ್ಕ್ರಿಪ್ಟ್ ಇದೆ. ಹೇಗೆ ಅಂತ ಕೇಳಬೇಡಿ.

ಆ ಹುಡುಗ ಹೋದ ವರ್ಷ ಸ್ವಂತ ಆಫೀಸ್ ಮಾಡಿದ. ಹೋಗುವಾಗ ನನ್ನ ಫಿಲ್ಟರ್‌ಗಳ ಎಕ್ಸ್‌ಪೋರ್ಟ್ ಫೈಲ್ ಕೇಳಿದ. ಕೊಟ್ಟೆ, ಆ ಮೂರರ ಮುಂದಿನ ಟಿಕ್ ತೆಗೆದು.